ಇಳಿಜಾರಿನಲ್ಲಿ ಹೂಂಗುಟ್ಟಿದವಳು

ಇದನ್ನು ನಂಬಿ ಎಂದು ನಾನು ಯಾರನ್ನೂ ಬೇಡುವುದಿಲ್ಲ. ಸುಳ್ಳಾಗಿದ್ದರೆ ನನಗೇ ಎಷ್ಟೋ ನೆಮ್ಮದಿ ಇರುತ್ತಿತ್ತು. ಆದರೆ ಇದು ನಡೆದದ್ದು... ಕೇಳಿಸಿಕೊಂಡದ್ದು ನನ್ನ ಇವೇ ಎರಡು ಕಿವಿ.

ನಾನಿರುವುದು ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಗೆಳತಿ ನಳಿನಿ ವಸಂತ್ ಕುಂಜ್‌ನಲ್ಲಿ ಶಾಲಾ ಟೀಚರ್. ನಾನು ಮೈಸೂರಿನವಳು, ಅವಳು ಹಾಸನದವಳು. ಹದಿನೈದು ವರ್ಷದ ಸ್ನೇಹ. ಎರಡು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡರು. ಅವಳ ಮನಸ್ಸು ಸ್ವಲ್ಪ ಹಗುರಾಗಲಿ, ದೆಹಲಿಯ ಹೊಗೆಯಿಂದಲೂ ತಪ್ಪಿಸಿಕೊಂಡಂತಾಗುತ್ತದೆ ಎಂದು ನಾನೇ ಒತ್ತಾಯ ಮಾಡಿ ನೈನಿತಾಲಿನ ಆಚೆಯ ಒಂದು ಸಣ್ಣ ಸರೋವರದ ಊರಿಗೆ ಕರೆದುಕೊಂಡು ಹೋದೆ.

ಮೊದಲ ದಿನವೇ ನನ್ನ ತಾಳ್ಮೆ ಕೆಟ್ಟಿತು. ಅವಳು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ದೋಣಿ, ಮರ, ಚಹಾದ ಲೋಟ... ಕಂಡದ್ದಕ್ಕೆಲ್ಲ ಫೋಟೋ. ತೆಗೆದ ಪ್ರತಿಯೊಂದನ್ನೂ ತೀರಿಹೋದ ಗಂಡನ ನಂಬರಿಗೆ ಕಳಿಸುತ್ತಿದ್ದಳು. ನೆಟ್‌ವರ್ಕ್ ಇಲ್ಲದ ಕಡೆ ಅದು ಹೋಗುವವರೆಗೂ ಕದಲುತ್ತಿರಲಿಲ್ಲ.

ಹೀಗಾಗಿ ಸರೋವರದ ಮೇಲಿನ ಬೆಟ್ಟದ ತುದಿ ಮುಟ್ಟುವಾಗ ಸಂಜೆ ಐದು. ಹಿಮಶಿಖರಗಳಿರಬೇಕಾದ ಕಡೆ ಬರೀ ಬಿಳಿ ಮಂಜು. ಇಷ್ಟು ಹತ್ತಿ ಬಂದರೂ ಏನೂ ಕಾಣಲಿಲ್ಲ.

"ಕತ್ತಲಾಗುತ್ತೆ, ಬಾರೇ" ಎಂದೆ.

"ಇದೊಂದು ಹೋಗ್ಲಿ, ತಡಿಯೇ."

"ಹಾಗಾದ್ರೆ ನೀನೇ ಇರು!"

ಟ್ಯಾಕ್ಸಿಗಳು ಓಡಾಡುವ ರಸ್ತೆ ಬಿಟ್ಟು ಒಬ್ಬಳೇ ಕಾಲುದಾರಿ ಹಿಡಿದೆ. ಎರಡನೆಯ ತಿರುವು ದಾಟಿದ ಮೇಲೆ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ಒಣಗಿದ ಎಲೆಗಳ ಮೇಲೆ ಅವಳ ಚಪ್ಪಲಿಯ ಅದೇ ಚರ್... ಚರ್... ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆಯೂ ಬಂತು. ಬಂದಳಲ್ಲ, ಸದ್ಯ! ಆದರೆ ನನ್ನ ಹಟ, ತಿರುಗಿ ನೋಡಲಿಲ್ಲ.

ನಡೆಯುತ್ತಲೇ ಬಾಯಿ ಬಿಟ್ಟೆ. ಒಳಗೆ ತುಂಬಿಟ್ಟುಕೊಂಡದ್ದೆಲ್ಲ ಹೊರಗೆ ಬಂತು.

"ಸತ್ತವರು ಫೋಟೋ ನೋಡಲ್ಲ ಕಣೇ."

"ಹೂಂ."

"ಎರಡು ವರ್ಷದಿಂದ ನಿನ್ನ ದುಃಖ ಹೊತ್ತೂ ಹೊತ್ತೂ ನನಗೂ ಸಾಕಾಗಿದೆ."

"ಹೂಂ."

ಆ 'ಹೂಂ'ನಲ್ಲಿ ಬೇಸರವಿರಲಿಲ್ಲ, ಅಳುವೂ ಇರಲಿಲ್ಲ. ಇನ್ನೂ ಹೇಳು, ಇನ್ನೂ ಹೇಳು ಎಂದು ಕೇಳುವಂತಿತ್ತು. ನಾನೂ ಹೇಳಿದೆ... ಇಲ್ಲಿ ಬರೆಯಲಾಗದ್ದನ್ನೂ ಹೇಳಿದೆ.

ಪೂರ್ತಿ ಕತ್ತಲಾಯಿತು. ಮೊಬೈಲಿನ ಟಾರ್ಚ್ ಹಚ್ಚಿ ಮುಂದಿನ ದಾರಿಗೆ ಹಿಡಿದೆ.

"ಆರಿಸು. ಕಣ್ಣಿಗೆ ಹೊಡೀತಿದೆ."

ಬೆಳಕು ಇದ್ದದ್ದು ನನ್ನ ಮುಂದೆ. ಅವಳು ಇದ್ದದ್ದು ಹಿಂದೆ...

ಟಾರ್ಚ್ ಆರಿಸಲಿಲ್ಲ. ಹೆಜ್ಜೆ ಬೇಗ ಬೇಗ ಹಾಕಿದೆ. ಹಿಂದಿನ ಹೆಜ್ಜೆಯೂ ಅಷ್ಟೇ ಬೇಗ ಬಂತು. ಸರೋವರದ ದಂಡೆಯ ದೀಪಗಳು ಕಂಡಾಗ ಧೈರ್ಯ ಮಾಡಿ ತಿರುಗಿದೆ. ದಾರಿ ಖಾಲಿ. ಎಣ್ಣೆಯ ವಾಸನೆ ಮಾತ್ರ ಅಲ್ಲೇ ನಿಂತಿತ್ತು.

ಓಡುತ್ತಾ ದೋಣಿಗಳ ಬಳಿಯ ಚಹಾ ಅಂಗಡಿಗೆ ಬಂದೆ. ಒಳಗೆ ನಳಿನಿ ಕೂತಿದ್ದಳು! ಕಣ್ಣು ಕೆಂಪಾಗಿತ್ತು.

"ಯಾವಾಗ ಬಂದ್ಯೇ? ಹೇಗೆ ಬಂದೆ?"

"ನಾಟಕ ಆಡ್ಬೇಡ. ಟ್ಯಾಕ್ಸೀಲಿ ನನ್ನ ಪಕ್ಕದಲ್ಲೇ ಕೂತು ಅಷ್ಟೆಲ್ಲ ಅಂದು..."

"ನಾನು ನಡ್ಕೊಂಡು ಬಂದೆ ಕಣೇ! ಈಗ ತಾನೆ!"

ಅವಳು ಮುಖ ತಿರುಗಿಸಿದಳು. ಮೇಜಿನ ಮೇಲೆ ಎರಡು ಲೋಟಗಳಿದ್ದವು. ಅವಳ ಎದುರು ಖಾಲಿ ಕುರ್ಚಿಯ ಮುಂದಿದ್ದ ಲೋಟದಲ್ಲಿ ಅರ್ಧ ಕುಡಿದ ಚಹಾ ಇನ್ನೂ ಹಬೆಯಾಡುತ್ತಿತ್ತು.

"ಭಯ್ಯಾ, ಇಲ್ಲಿ ಯಾರು ಕೂತಿದ್ರು?" ಎಂದು ಹಿಂದಿಯಲ್ಲಿ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀವೇ ಅಲ್ವಾ ದೀದಿ? ಈಗಷ್ಟೇ ಎದ್ದು ಹೊರಗೆ ಹೋದ್ರಿ."

ಮರುದಿನ ಇಡೀ ಪ್ರಯಾಣದಲ್ಲಿ ನಳಿನಿ ಒಂದು ಮಾತೂ ಆಡಲಿಲ್ಲ. ದೆಹಲಿಗೆ ಬಂದ ಮೇಲೆ ಫೋನ್ ಎತ್ತಲಿಲ್ಲ. ನನಗೆ ಭಯಕ್ಕಿಂತ ಸಿಟ್ಟು, ಸಿಟ್ಟಿಗಿಂತ ಸಂಕಟ. ಆ ಟ್ಯಾಕ್ಸಿಯಲ್ಲಿ 'ನಾನು' ಏನು ಅಂದೆ ಎಂದೇ ಗೊತ್ತಿಲ್ಲದೆ ಯಾವುದಕ್ಕೆಂದು ಕ್ಷಮೆ ಕೇಳಲಿ?

ತಿಂಗಳಾದ ಮೇಲೆ ಹೌಜ್ ಖಾಸ್ ಮೆಟ್ರೋ ನಿಲ್ದಾಣದಲ್ಲಿ ಎದುರಾದಳು. ಕೈ ಹಿಡಿದು ನಿಲ್ಲಿಸಿದೆ.

"ಅವತ್ತು ಟ್ಯಾಕ್ಸೀಲಿ ಕೂತಿದ್ದು ನಾನಲ್ಲ ಕಣೇ. ಅವಳು ಏನಂದ್ಲು, ಅದನ್ನಾದ್ರೂ ಹೇಳು."

ನಳಿನಿ ಕೈ ಬಿಡಿಸಿಕೊಂಡಳು.

"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ. ಬಂದಿದ್ದು ನೀನಲ್ಲ ಅಂತಾನೇ ಇಟ್ಕೋ. ಆದ್ರೆ ಅಂದಿದ್ದೆಲ್ಲ ನಿನ್ನ ಮನಸ್ಸಲ್ಲಿ ಇತ್ತೋ, ಇಲ್ವೋ?"

ಇಲ್ಲ ಎನ್ನಲು ಬಾಯಿ ತೆರೆದೆ... ರೈಲು ಬಂತು. ಅವಳು ಹತ್ತಿದಳು.