ಕಾಪುವಿನ ತೊಟ್ಟಿಯಲ್ಲಿ ಇಳಿಯದ ಫಾಸ್ಫೇಟ್

ಅಣ್ಣ ಬಹರೈನಿನಲ್ಲಿ ಹದಿನಾಲ್ಕು ವರ್ಷ ಬೇರೆಯವರ ಮೀನಿನ ತೊಟ್ಟಿಗಳನ್ನು ತೊಳೆದ. ಹೋಟೆಲಿನ ಲಾಬಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ದೊಡ್ಡವರ ಮನೆಗಳ ಹಜಾರ, ಹೀಗೆ ದಿನಕ್ಕೆ ನಾಲ್ಕೈದು ಕಡೆ ಹೋಗಿ ಗಾಜು ಉಜ್ಜಿ, ನೀರು ಬದಲಿಸಿ ಬರುವುದು ಅವನ ಕೆಲಸ. ರಜೆಯಲ್ಲಿ ಊರಿಗೆ ಬಂದಾಗ ಆ ತೊಟ್ಟಿಗಳ ಫೋಟೋ ತೋರಿಸುತ್ತಿದ್ದ. ಉಳಿದ ಗಲ್ಫಿನವರು ಕಾರಿನ ಮುಂದೆ, ಕಟ್ಟಡದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ತರುತ್ತಿದ್ದರೆ ಇವನ ಆಲ್ಬಮಿನಲ್ಲಿ ಮನುಷ್ಯರೇ ಇರುತ್ತಿರಲಿಲ್ಲ. ಎಲ್ಲ ಬರೀ ಹವಳ, ಮೀನು, ನೀಲಿ ಬೆಳಕು.

ಕೊಂಕಣ ರೈಲು ಓಡಲು ಶುರುವಾದ ಮರುವರ್ಷ ಅವನು ಕೆಲಸ ಬಿಟ್ಟು ಕಾಪುವಿಗೆ ವಾಪಸಾದ. ಅವನ ಸಾಮಾನಿನಲ್ಲಿ ಕಂಬಳಿಯಲ್ಲಿ ಸುತ್ತಿದ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ, ಎರಡು ಪಂಪು, ವಿಶೇಷ ಟ್ಯೂಬ್‌ಲೈಟುಗಳು ಇದ್ದವು. ಅತ್ತಿಗೆ ಎಂತ ನಿರೀಕ್ಷಿಸಿದ್ದರೋ ನನಗೆ ಗೊತ್ತಿಲ್ಲ. ಅಷ್ಟು ವರ್ಷ ಅವರು ಒಬ್ಬರೇ ಮನೆ ನೋಡಿಕೊಂಡಿದ್ದರು, ಮಗಳಿಗೆ ಮದುವೆಯನ್ನೂ ಮಾಡಿದ್ದರು. ತೊಟ್ಟಿಯನ್ನು ಚಾವಡಿಯಲ್ಲಿ ಇಡುವುದೆಂದಾದಾಗ ಅಲ್ಲಿದ್ದ ಹೊಲಿಗೆ ಯಂತ್ರವನ್ನು ತಾವೇ ಒಳಗಿನ ಕೋಣೆಗೆ ಸಾಗಿಸಿದರು.

ಜೀವಿಗಳು ಬಂದದ್ದು ಮುಂಬೈಯಿಂದ. ಅಣ್ಣನ ಗುರುತಿನ ಅಂಗಡಿಯವನೊಬ್ಬ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ರೈಲಿಗೆ ಹಾಕಿದ್ದ. ಉಡುಪಿ ಸ್ಟೇಷನ್ನಿಗೆ ಅಣ್ಣನ ಜೊತೆ ನಾನೂ ಹೋಗಿದ್ದೆ. ಪೆಟ್ಟಿಗೆ ತೆರೆದರೆ ಪ್ಲಾಸ್ಟಿಕ್ ಚೀಲಗಳಲ್ಲಿ ಐದಾರು ಮೀನು, ಮತ್ತೆ ಚರ್ಮದಂತೆ ಮೆತ್ತಗಿರುವ ಕೆಲವು ಹವಳ. "ಇವು ಕಲ್ಲಿನ ಹವಳ ಅಲ್ಲ, ಮೆದು ಜಾತಿ. ನೀರಿಗೆ ಹಾಕಿದ ಮೇಲೆ ನೋಡು, ಕೈ ಬಿಚ್ಚಿದ ಹಾಗೆ ಅರಳುತ್ತವೆ" ಎಂದ ಅಣ್ಣ. ಮೂರನೆಯ ದಿನ ಅರಳಿದವು ಕೂಡ. ನೆರೆಕರೆಯವರೆಲ್ಲ ಬಂದು ನೋಡಿ ಹೋದರು.

ಎರಡು ತಿಂಗಳಾಗುವಾಗ ಅವು ಮುದುಡಿಕೊಂಡವು. ಗಾಜಿನ ಮೇಲೆ ಕಂದು ಬಣ್ಣದ ಪದರ, ಹವಳ ಕೂರಿಸಲು ಅಣ್ಣ ತಳದಲ್ಲಿ ಪೇರಿಸಿದ್ದ ಕಲ್ಲುಗಳ ಮೇಲೆ ಕೂದಲಿನಂಥ ಹಸಿರು ಪಾಚಿ. ಉಜ್ಜಿ ತೆಗೆದರೆ ನಾಲ್ಕು ದಿನದಲ್ಲಿ ಮತ್ತೆ ಹಾಜರು. ಬಹರೈನಿನಿಂದ ತಂದಿದ್ದ ಪರೀಕ್ಷೆಯ ಕಿಟ್ಟಿನಲ್ಲಿ ಅಣ್ಣ ನೀರು ನೋಡಿದ. ಪಾಚಿ ಬೆಳೆಸುವ ಫಾಸ್ಫೇಟ್ ಎಷ್ಟಿರಬೇಕೋ ಅದಕ್ಕಿಂತ ಬಹಳ ಮೇಲೆ ತೋರಿಸಿತು. ಅರ್ಧ ನೀರು ತೆಗೆದು ಸಮುದ್ರದಿಂದ ಹೊಸದು ತಂದು ಹಾಕಿದ. ಇಳಿಯಿತು. ಮೂರು ದಿನ ಬಿಟ್ಟು ನೋಡಿದರೆ ಮೊದಲಿನಷ್ಟೇ.

ಆಗ ಅವನಿಗೆ ನನ್ನ ನೆನಪಾಯಿತು. ನಾನು ಕಾರ್ಕಳದಲ್ಲಿ ಮಣ್ಣು ಪರೀಕ್ಷೆ ಮಾಡುವ ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ರೈತರು ಚೀಲದಲ್ಲಿ ತಂದ ಮಣ್ಣಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟುಂಟೆಂದು ನೋಡಿ ಬರೆದುಕೊಡುವುದು. ಮಣ್ಣಿಗೆ ರಂಜಕ ಎನ್ನುವುದನ್ನೇ ಅಣ್ಣ ನೀರಿಗೆ ಫಾಸ್ಫೇಟ್ ಎನ್ನುತ್ತಿದ್ದ. ಅವನು ಲ್ಯಾಬಿಗೇ ಫೋನು ಮಾಡಿದ.

"ನನ್ನ ಕಿಟ್ಟಿನ ತಾರೀಕು ಮುಗಿದಿದೆ ಮಾರಾಯ್ತಿ. ಅದು ಸುಳ್ಳು ಹೇಳುತ್ತಾ ಉಂಟೋ ಏನೋ. ನೀನೊಮ್ಮೆ ನೋಡ್ತೀಯಾ?"

ಆ ಭಾನುವಾರ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಹೋದೆ. ಮರುದಿನ ಬೆಳಿಗ್ಗೆ ಐಸು ತುಂಬಿದ ಥರ್ಮಾಸಿನಲ್ಲಿ ಸಣ್ಣ ಬಾಟಲಿಗಳನ್ನಿಟ್ಟುಕೊಂಡು ಹೊರಟೆ. ಮಡಿಲಲ್ಲಿ ಅಷ್ಟು ಜೋಪಾನವಾಗಿ ಹಿಡಿದದ್ದನ್ನು ನೋಡಿ ಕಂಡಕ್ಟರ್, "ಎಂತ ಅಕ್ಕ, ತೀರ್ಥವಾ?" ಎಂದು ಕೇಳಿದ. ಸಮುದ್ರದ ನೀರು ಎಂದೆ. ಕಾರ್ಕಳದವರಿಗೆ ಅದು ಯಾಕೆಂದು ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

ನಮ್ಮ ಲ್ಯಾಬಿನಲ್ಲಿ ಪರೀಕ್ಷೆಯ ದ್ರಾವಣ ಹಾಕಿದಾಗ ಫಾಸ್ಫೇಟ್ ಇದ್ದರೆ ನೀರು ನೀಲಿಯಾಗುತ್ತದೆ. ಜಾಸ್ತಿ ಇದ್ದಷ್ಟೂ ಕಡುನೀಲಿ. ಗಾಜಿನ ನಳಿಗೆಗಳನ್ನು ಸೋಪಿನಲ್ಲಿ ತೊಳೆದಿದ್ದರೆ ಸೋಪಿನಲ್ಲಿರುವುದೇ ನೀಲಿ ತೋರಿಸಿ ಮೋಸ ಮಾಡೀತು, ಹಾಗಾಗಿ ಎಲ್ಲವನ್ನೂ ಆಸಿಡ್ಡಿನಲ್ಲಿ ತೊಳೆದು, ಬಟ್ಟಿ ಇಳಿಸಿದ ನೀರನ್ನು ಮೊದಲು ಪರೀಕ್ಷಿಸಿದೆ. ಅದು ತಿಳಿಯಾಗಿಯೇ ಉಳಿಯಿತು. ಕಾಪುವಿನ ಸಮುದ್ರದ ನೀರು ಕಂಡೂ ಕಾಣದಷ್ಟು ನೀಲಿ. ಆವಿಯಾದ ನೀರಿನ ಬದಲಿಗೆ ಅಣ್ಣ ಹಾಕುತ್ತಿದ್ದ ಬಾವಿಯ ನೀರಿನಲ್ಲೂ ಏನೂ ಇರಲಿಲ್ಲ. ತೊಟ್ಟಿಯ ನೀರು ಮಾತ್ರ ಚೆನ್ನಾಗಿಯೇ ನೀಲಿಯಾಯಿತು. ಕಿಟ್ಟು ಸುಳ್ಳು ಹೇಳಿರಲಿಲ್ಲ.

ಇನ್ನೊಂದು ಬಾಟಲಿ ಉಳಿದಿತ್ತು. ಮೀನುಗಳಿಗೆ ಹಾಕುವ ಸಿಗಡಿಯನ್ನು ಅತ್ತಿಗೆ ಸಣ್ಣಗೆ ಹೆಚ್ಚಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಡುತ್ತಿದ್ದರು. ಅದು ಕರಗಿದಾಗ ಬಿಟ್ಟ ನೀರನ್ನೂ ತಂದಿದ್ದೆ. ದ್ರಾವಣ ಹಾಕಿದ ಕೂಡಲೇ ಅದು ಶಾಯಿಯ ಹಾಗಾಯಿತು. ನನಗೆ ಖುಷಿಯಾಯಿತು. ಕಳ್ಳ ಸಿಕ್ಕಿದ ಎಂದು ಆಗಲೇ ಅಣ್ಣನಿಗೆ ಫೋನು ಮಾಡಿದೆ.

ಹಾಗೆ ಮಾಡಬಾರದಿತ್ತು.

ಮುಂದಿನ ವಾರ ಹೋದಾಗ ಮನೆಯ ಗಾಳಿಯೇ ಬೇರೆಯಾಗಿತ್ತು. ಸಿಗಡಿ ಮುಟ್ಟಬಾರದೆಂದು ಹೇಳಿ ಅಣ್ಣ ಒಣ ಆಹಾರದ ಡಬ್ಬಿಯನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. "ಇವಳು ಕೈಗೆ ಬಂದಷ್ಟು ಹಾಕುತ್ತಿದ್ದಳು. ಮೀನು ಬಾಯಿ ತೆರೆದರೆ ಹಸಿವು ಅಂತ ಲೆಕ್ಕ ಇವಳಿಗೆ" ಎಂದ, ಅತ್ತಿಗೆಗೆ ಕೇಳುವ ಹಾಗೆ. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ಸಾರು ಬೇಕಾ ಎಂದು ಕೇಳಿದ್ದಷ್ಟೇ ಆ ದಿನ ಅವರು ನನ್ನೊಂದಿಗೆ ಆಡಿದ ಮಾತು. ಮೊದಲೆಲ್ಲ ನಾನು ಬಂದರೆ ಬಸ್ ಸ್ಟಾಂಡಿನವರೆಗೆ ಮಾತಾಡುತ್ತ ಬರುತ್ತಿದ್ದರು.

ಅಣ್ಣ ಎರಡು ದಿನಕ್ಕೊಮ್ಮೆ, ಚಿಟಿಕೆಯಷ್ಟು ಸಿಗಡಿ, ಅದನ್ನೂ ತೊಳೆದು ಹಾಕತೊಡಗಿದ. ಮೂರು ವಾರ ಕಳೆಯಿತು. ನಾನು ಪ್ರತಿ ಸೋಮವಾರ ಬಾಟಲಿ ಹಿಡಿದು ಬಸ್ಸು ಹತ್ತುತ್ತಿದ್ದೆ. ಮೀನುಗಳು ಬಡಕಲಾದವು. ನೀಲಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಮೂರನೆಯ ಸೋಮವಾರ ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಿದ್ದೆ. ಆಹಾರ ಇಷ್ಟು ಕಡಿಮೆ ಮಾಡಿದರೂ ಇಳಿಯದಿದ್ದರೆ ಆಹಾರ ಕಾರಣ ಹೇಗಾಗುತ್ತದೆ? ನೀರು ಬದಲಿಸಿದಾಗ ಇಳಿದು ಮೂರೇ ದಿನದಲ್ಲಿ ಮತ್ತೆ ಅಷ್ಟಕ್ಕೇ ಏರುತ್ತದೆ ಎಂದರೆ, ಹೊರಗಿನಿಂದ ಬರುವುದಲ್ಲ, ಒಳಗೇ ಕೂತಿರುವ ಏನೋ ಒಂದು ಬಿಡುತ್ತಿದೆ. ಅಣ್ಣ ಕೊಟ್ಟ ಬಾಟಲಿಗಳನ್ನಷ್ಟೇ ಪರೀಕ್ಷೆ ಮಾಡಿದ್ದೆ, ಕೊಡದೆ ಇದ್ದದ್ದನ್ನು ಕೇಳಿರಲೇ ಇಲ್ಲ. ಸಿಗಡಿ ನೀರು ನೀಲಿಯಾದದ್ದು ನಿಜ. ಆದರೆ ತೊಟ್ಟಿಯ ನೀಲಿಗೆ ಅದೇ ಕಾರಣ ಎಂದದ್ದು ನನ್ನ ಅವಸರ.

ಆ ವಾರ ಭಾನುವಾರಕ್ಕೆ ಕಾಯದೆ ರಜೆ ಹಾಕಿ ಹೋದೆ. ಅಣ್ಣ ಉಡುಪಿಗೆ ಯಾವುದೋ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಹಿತ್ತಿಲಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದರು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, "ಅತ್ತಿಗೆ, ನೀವು ಹಾಕಿದ ಆಹಾರದಿಂದ ಅಲ್ಲ ಅಂತ ಕಾಣ್ತದೆ. ನಾನು ಯೋಚನೆ ಮಾಡದೆ ಹೇಳಿಬಿಟ್ಟೆ" ಎಂದೆ.

ಅವರು ಮೀನಿನ ಕಿವಿರು ಕೀಳುತ್ತಲೇ ಇದ್ದರು. "ತೊಟ್ಟಿಯೊಳಗಿನ ಆ ಕಲ್ಲು ಎಲ್ಲಿಂದ ತಂದದ್ದು ಅಂತ ನಿನ್ನ ಅಣ್ಣನ ಹತ್ತಿರ ಕೇಳಿದ್ದೀಯಾ?" ಎಂದರು.

"ಎಲ್ಲಿಂದ?"

"ಪಡುಬಿದ್ರಿಯಲ್ಲಿ ಒಣಮೀನು ಮಾಡುವ ಒಬ್ಬರು ಅಜ್ಜಿ ಇದ್ದಾರೆ. ಅವರ ಹತ್ತಿರ. ಹಿಂದೆ ಯಾವಾಗಲೋ ಲಕ್ಷದ್ವೀಪದ ಸರಕಿನ ಹಡಗು ಮಂಜಿಯಲ್ಲಿ ಬಂದ ಹವಳದ ಕಲ್ಲಂತೆ. ಮೀನು ಒಣಗಿಸುವಾಗ ಮೇಲೆ ಹಾಸಿದ ಬಲೆ ಹಾರದ ಹಾಗೆ ಅದನ್ನೇ ಹೇರುತ್ತಿದ್ದರು. ತೂತು ತೂತು ಇರುವುದು ಚಂದ ಅಂತ ಇವರು ಕೇಳಿ ತಂದರು. ಇಲ್ಲಿ ಅಂಗಳದಲ್ಲಿ ರಾಶಿ ಹಾಕಿದ್ದಾಗ ಒಂದು ವಾರ ಊರಿನ ಬೆಕ್ಕುಗಳೆಲ್ಲ ಇಲ್ಲೇ. ನೆಕ್ಕಿ ನೆಕ್ಕಿ ಬಿಡುತ್ತಲೇ ಇರಲಿಲ್ಲ."

"ಇದನ್ನು ಅಣ್ಣನಿಗೆ ಯಾಕೆ ಹೇಳಲಿಲ್ಲ?"

"ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವರಿಗೆ ನಾನು ಎಂತ ಹೇಳುವುದು?" ಎಂದು ಅವರು ಮೊದಲ ಬಾರಿಗೆ ನನ್ನತ್ತ ನೋಡಿದರು. "ನೀನೂ ನನ್ನ ಹತ್ತಿರ ಕೇಳಲಿಲ್ಲ ಅಲ್ವಾ."

ಆ ಕಲ್ಲನ್ನೇ ಪರೀಕ್ಷಿಸಿ ನೋಡುವ ಎಂದೆ. ಇಬ್ಬರೂ ಸೇರಿ ಎರಡು ಬಕೆಟಿಗೆ ಹೊಸ ಸಮುದ್ರದ ನೀರು ತುಂಬಿದೆವು. ತೊಟ್ಟಿಯ ಮೂಲೆಯಿಂದ ಯಾವ ಹವಳವೂ ಅಂಟಿರದ ಒಂದು ಕಲ್ಲು ತೆಗೆದು, ಪಾಚಿ ಉಜ್ಜಿ, ಒಂದು ಬಕೆಟಿಗೆ ಹಾಕಿದೆವು. ಇನ್ನೊಂದರಲ್ಲಿ ನೀರು ಮಾತ್ರ. ಎರಡಕ್ಕೂ ಮುಚ್ಚಳ. ಅಣ್ಣ ಬಂದು, "ಇದೆಂತ?" ಎಂದಾಗ ಅತ್ತಿಗೆಯೇ "ಪರೀಕ್ಷೆ" ಎಂದರು.

ನಾಲ್ಕನೆಯ ದಿನ ಅಣ್ಣನೇ ಎರಡೂ ಬಕೆಟಿನ ನೀರನ್ನು ಬಾಟಲಿಗೆ ತುಂಬಿ ಕಾರ್ಕಳಕ್ಕೆ ತಂದ. ನಮ್ಮ ಲ್ಯಾಬಿಗೆ ಅವನು ಬಂದದ್ದು ಅದೇ ಮೊದಲು. ಮೇಜಿನ ಪಕ್ಕ ನಿಂತು ನೋಡುತ್ತಿದ್ದ. ಕಲ್ಲಿಲ್ಲದ ಬಕೆಟಿನ ನೀರು ಸಮುದ್ರದ ನೀರಿನಂತೆಯೇ ಉಳಿಯಿತು. ಕಲ್ಲಿದ್ದದ್ದು ನಮ್ಮ ಕಣ್ಣೆದುರೇ ನೀಲಿಯಾಗುತ್ತ ಆಗುತ್ತ ತೊಟ್ಟಿಯ ನೀರಿಗಿಂತಲೂ ಗಾಢವಾಯಿತು. ಎಷ್ಟೋ ವರ್ಷದ ಮೀನಿನ ರಸ ಆ ತೂತುಗಳೊಳಗೆ ಇಂಗಿ ಕೂತಿತ್ತು. ಈಗ ದಿನವೂ ಸ್ವಲ್ಪ ಸ್ವಲ್ಪ ನೀರಿಗೆ ಇಳಿಯುತ್ತಿತ್ತು.

ಅಣ್ಣ ಸ್ಟೂಲಿನ ಮೇಲೆ ಕೂತ. "ಅಲ್ಲಿ ಕಂಪೆನಿಯವರೇ ಕಲ್ಲು ಕೊಡುತ್ತಿದ್ದರು. ಕಲ್ಲಿನ ಬಗ್ಗೆ ನಾನು ಯೋಚನೆ ಮಾಡಬೇಕಾದ್ದೇ ಇರಲಿಲ್ಲ" ಎಂದ. ಆಮೇಲೆ ಮೆಲ್ಲಗೆ, "ಅವಳಿಗೆ ಬಹಳ ಬೈದೆ" ಎಂದ.

ಎಲ್ಲ ಕಲ್ಲುಗಳನ್ನೂ ಒಮ್ಮೆಲೇ ತೆಗೆದರೆ ಹವಳಗಳು ಉಳಿಯುವುದಿಲ್ಲ, ನೀರನ್ನು ಶುದ್ಧ ಮಾಡುವ ಸೂಕ್ಷ್ಮಜೀವಿಗಳೂ ಆ ಕಲ್ಲುಗಳಲ್ಲೇ ಇರುತ್ತವೆ ಎಂದ ಅಣ್ಣ. ಹಾಗಾಗಿ ನಾಲ್ಕು ನಾಲ್ಕಾಗಿ ತೆಗೆದು, ಹಿತ್ತಿಲಿನಲ್ಲಿ ಡ್ರಮ್ಮಿನ ಸಮುದ್ರದ ನೀರಿನಲ್ಲಿ ನೆನೆಹಾಕುವುದೆಂದಾಯಿತು. ಆದರೆ ಡ್ರಮ್ಮಿನ ನೀರನ್ನು ಮತ್ತೆ ಮತ್ತೆ ಬದಲಿಸಲು ಎಷ್ಟು ನೀರು ಅಂತ ಹೊರುವುದು? ಆಗ ನನಗೆ ನಮ್ಮ ರೈತರು ನೆನಪಾದರು. ಗೊಬ್ಬರ ಹಾಕಿಯೂ ರಂಜಕ ಕಡಿಮೆ ಎಂದು ಬರೆದಿದ್ದೀರಲ್ಲ ಎಂದು ಅವರು ಪ್ರತಿ ವರ್ಷ ತಕರಾರು ತೆಗೆಯುತ್ತಿದ್ದರು. ನಮ್ಮ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ ಅದನ್ನು ಹಿಡಿದುಕೊಂಡು ಗಿಡಕ್ಕೆ ಬಿಡುವುದಿಲ್ಲ ಎಂದು ನಾನು ಪ್ರತಿ ವರ್ಷ ವಿವರಿಸುತ್ತಿದ್ದೆ. ಮಣ್ಣು ಹಿಡಿದುಕೊಳ್ಳುವುದಾದರೆ, ಅದೇ ಗಟ್ಟಿಯಾದಂಥ ಕೆಂಪು ಮುರಕಲ್ಲು ಯಾಕೆ ಹಿಡಿಯಬಾರದು?

ಬಜಗೋಳಿಯ ಹತ್ತಿರ ಮನೆ ಕಟ್ಟುತ್ತಿದ್ದಲ್ಲಿ ಮುರಕಲ್ಲಿನ ಚೂರು ರಾಶಿ ಬಿದ್ದಿತ್ತು. ಕಲ್ಲು ಕೆತ್ತುತ್ತಿದ್ದ ಬಾಗಲಕೋಟೆ ಕಡೆಯ ಮೇಸ್ತ್ರಿಯನ್ನು ಕೇಳಿ ಎರಡು ಗೋಣಿ ತುಂಬಿಸಿಕೊಂಡೆ. "ಇದನ್ನ ಏನ್ ಮಾಡ್ತೀರಿ ಅಕ್ಕಾರ, ಮನಿ ಕಟ್ಟಾಕ ಬರೂದಿಲ್ಲ ಇದು" ಎಂದು ಅವನು ನಕ್ಕ. ಕೆಂಪು ನೀರು ಹೋಗುವವರೆಗೆ ಅತ್ತಿಗೆ ಅದನ್ನು ಏಳೆಂಟು ಸಲ ತೊಳೆದರು. ತೊಟ್ಟಿಯೊಳಗೆ ಹಾಕಲು ನನಗೆ ಧೈರ್ಯವಾಗಲಿಲ್ಲ, ಜೀವಿಗಳಿಗೆ ಏನಾಗುತ್ತದೋ ಗೊತ್ತಿರಲಿಲ್ಲ. ಡ್ರಮ್ಮಿನಲ್ಲಿ ಮಾತ್ರ, ಚೀಲದಲ್ಲಿ ಕಟ್ಟಿ, ಪಂಪಿನ ಬಾಯಿಗೆ ಇಟ್ಟೆವು. ವಾರ ಬಿಟ್ಟು ಪರೀಕ್ಷಿಸಿದಾಗ ಡ್ರಮ್ಮಿನ ನೀರು ತಿಳಿನೀಲಿಗೆ ಇಳಿದಿತ್ತು. ಕಲ್ಲು ಬಿಡುತ್ತಿತ್ತು, ಮುರಕಲ್ಲು ಹಿಡಿಯುತ್ತಿತ್ತು. ಚೂರು ಹಳತಾದಾಗ ಹೊಸದು ಹಾಕುವುದು, ಹೊಸ ನೀರಿನಲ್ಲೂ ನೀಲಿ ಏಳದಿದ್ದರೆ ಆ ನಾಲ್ಕು ಕಲ್ಲು ತೊಟ್ಟಿಗೆ, ಮುಂದಿನ ನಾಲ್ಕು ಡ್ರಮ್ಮಿಗೆ.

ದೀಪಾವಳಿ ಕಳೆದು ಶುರುಮಾಡಿದ್ದು, ಮುಗಿಯುವಾಗ ಮಾವು ಬಿಡುವ ಕಾಲ. ಎರಡು ಹವಳ ಸತ್ತವು. ಉಳಿದವು ಅಂಚಿನಿಂದ ಒಂದೊಂದೇ ಬೆರಳು ಬಿಚ್ಚಿದಂತೆ ಅರಳಿದವು.

ಅಣ್ಣ ಅತ್ತಿಗೆಯ ಹತ್ತಿರ ತಪ್ಪಾಯಿತು ಎಂದನೋ ಇಲ್ಲವೋ, ನಾನು ಕೇಳಿಲ್ಲ. ಕಾರ್ಕಳದಿಂದ ವಾಪಸು ಹೋದ ದಿನವೇ ಕಪಾಟಿನ ಬೀಗ ತೆಗೆದನಂತೆ. ಅತ್ತಿಗೆ ಮಾತ್ರ ಹತ್ತು ದಿನ ಆ ಡಬ್ಬಿ ಮುಟ್ಟಲಿಲ್ಲ. "ಕರೆಯದೆ ನಾನು ಯಾಕೆ ಹೋಗಬೇಕು?" ಎಂದರು ನನ್ನ ಬಳಿ. ಹನ್ನೊಂದನೆಯ ದಿನ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೀನುಗಳು ಯಾಕೋ ಬಡಕಲಾಗಿವೆ, ನೀನೊಮ್ಮೆ ಬಂದು ನೋಡು ಎಂದನಂತೆ. ಅವರು ಗ್ಯಾಸು ಆರಿಸಿ ಹೋದರು. ಅಂದಿನಿಂದ ಏನೇ ಮಾಡುವುದಿದ್ದರೂ ಅಣ್ಣ ಮೊದಲು ಅವರನ್ನು ಕೇಳುತ್ತಿದ್ದ. ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚಾಗಿಯೇ.

ಮರುವರ್ಷ ಅಣ್ಣನಿಗೆ ಮಣಿಪಾಲದ ಒಂದು ಹೋಟೆಲಿನಲ್ಲಿ ಅವನ ಹಳೆಯ ಕೆಲಸವೇ ಸಿಕ್ಕಿತು. ಬೆಳಿಗ್ಗೆ ಹೋದರೆ ಸಂಜೆ ಬರುವುದು. ಮನೆಯ ತೊಟ್ಟಿ ಪೂರ್ತಿಯಾಗಿ ಅತ್ತಿಗೆಯ ಪಾಲಿಗೆ ಬಂತು. ಉಪ್ಪಿನಂಶ ನೋಡುವುದು, ಪಂಪು ಬಿಚ್ಚಿ ತೊಳೆಯುವುದು, ಕರೆಂಟು ಹೋದರೆ ಬ್ಯಾಟರಿಗೆ ಬದಲಿಸುವುದು, ಎಲ್ಲ ಕಲಿತರು. ಆರು ವರ್ಷ ನಡೆಸಿದರು. ತಿಂಗಳಿಗೊಮ್ಮೆ ಅವರ ಬಾಟಲಿ ಬಸ್ಸಿನಲ್ಲಿ ನನಗೆ ಬರುತ್ತಿತ್ತು, ನಾನು ಫೋನಿನಲ್ಲಿ ಫಲಿತಾಂಶ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಅವರೇ ಫೋನು ಮಾಡಿದರು. ಹೊಸದಾಗಿ ತರಿಸಿದ್ದ ಕಿತ್ತಳೆ ಬಣ್ಣದ ಜೋಡಿ ಮೀನು ಗಾಜಿನ ಮೂಲೆಯಲ್ಲಿ ಮೊಟ್ಟೆ ಇಟ್ಟಿತ್ತು.

"ಅಣ್ಣನಿಗೆ ಹೇಳಿದಿರಾ?" ಎಂದು ಕೇಳಿದೆ.

"ಇಲ್ಲ, ಸಂಜೆ ಬರಲಿ. ನಾವು ಹತ್ತಿರ ಹೋದರೆ ಗಂಡು ಮೀನು ಕಚ್ಚಲಿಕ್ಕೆ ಬರ್ತದೆ ಮಾರಾಯ್ತಿ. ನಾನು ಕುರ್ಚಿ ಹಾಕಿ ಕೂತಿದ್ದೇನೆ. ಅನ್ನಕ್ಕೆ ಇನ್ನೂ ಇಟ್ಟಿಲ್ಲ."