ಎಡತಿರುವಿನ ಹುರಿ

ಸುಶೀಲಾಬಾಯಿಯ ಬುಟ್ಟಿಗೆ ಗಂಟಿಲ್ಲ, ಅಂಟಿಲ್ಲ. ನಾಲ್ಕು ಎಳೆ ಸೇರಿಸಿ ಹೊಸೆದ ಹುರಿಯನ್ನು ದಬ್ಬಣದಿಂದ ಎರಡೆರಡಾಗಿ ಬಿಡಿಸಿ, ಆ ಸಂದಿಯಲ್ಲಿ ಇನ್ನೊಂದು ಹುರಿ ಎಳೆಯುತ್ತಾಳೆ. ಒಂದರ ಹೊಟ್ಟೆಯೊಳಗೆ ಒಂದು ಹಾದು ಬುಟ್ಟಿ ಮೇಲೇಳುತ್ತದೆ. ಸಂಭಾಜಿನಗರದಲ್ಲಿ ಇಂಥದ್ದು ಮಾಡುವವರು ಇನ್ನೊಬ್ಬರಿದ್ದರೆ ಕರೆದು ತನ್ನಿ, ನೋಡೋಣ! ಮಾಲೇಗಾಂವಿನ ನೂಲು, ಭಾಲ್ಕಿಯಿಂದ ಬಂದ ಕೈ.

ಆದರೆ ಹುರಿಗೆ ಹಟ ಬಹಳ. ಬಲಕ್ಕೆ ಹೊಸೆದವೇ ಎಲ್ಲ ಸೇರಿದರೆ ಬುಟ್ಟಿ ಸೊಟ್ಟಗಾಗುತ್ತದೆ. ಎಡಕ್ಕೆ ಹೊಸೆದವೂ ಅಷ್ಟೇ ಲೆಕ್ಕದಲ್ಲಿ ಬೆರೆತರೆ ನೆಟ್ಟಗೆ ನಿಲ್ಲುತ್ತದೆ. ಎಡತಿರುವಿನವು ಗಂಡ ಸಂಗಮನಾಥನವು, ಅವನು ಎಡಚ. ಅವಳು ಬಲತೊಡೆಯ ಮೇಲೆ, ಅವನು ಎಡತೊಡೆಯ ಮೇಲೆ, ಮೂವತ್ತು ವರ್ಷ ಎದುರುಬದುರು ಕೂತು ಹೊಸೆದರು.

ಶ್ರಾವಣದಲ್ಲಿ ಪಾರ್ಶ್ವವಾಯು ಬಡಿದು ಅವನ ಎಡಗೈ ಬಿದ್ದುಹೋಯಿತು. ನಾಲಿಗೆಗೆ ಏನೂ ಆಗಿರಲಿಲ್ಲ, ಆದರೂ ಮಾತು ಬಿಟ್ಟ. ತಿಂಗಳಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಗಂಜಿ ಕುಡಿಸಿದರೆ ಎರಡೇ ಗುಟುಕು. ಹೀಗೇ ಸದ್ದಿಲ್ಲದೆ ಹೊರಟುಬಿಡುತ್ತಾನೆಂದು ಅವಳಿಗೆ ಎದೆ ಒಡೆಯುವಷ್ಟು ಹೆದರಿಕೆ.

ಒಂದು ಮಧ್ಯಾಹ್ನ, ನಾಸಿಕದಲ್ಲಿರುವ ಮಗಳು ಮಂಜುಶ್ರೀ ತನ್ನ ಹೊಸ ಮನೆಗೆಂದು ಕೇಳಿದ್ದ ಪೂಜೆಯ ಬುಟ್ಟಿ ಹಿಡಿದು ಸುಶೀಲಾಬಾಯಿ ಕೂತಳು. ಅವನು ಹೊಸೆದಿಟ್ಟಿದ್ದ ಎಡಹುರಿ ಮುಗಿದಿತ್ತು. ತನ್ನದೇ ಹುರಿಯನ್ನು ತುದಿ ಬದಲಿಸಿ ಪೋಣಿಸಿದಳು. ಪೆದ್ದಿ! ಯಾವ ತುದಿಯಿಂದ ನೋಡಿದರೂ ತಿರುವು ಅದೇ ಅಲ್ಲವೇ? ಬುಟ್ಟಿ ವಾಲಿತು. ಕಣ್ಣಿಗೆ ಮಂಪರು ಕವಿಯಿತು. ಬಿಸಿಲುಕೋಲಿನಲ್ಲಿ ನೂಲಿನ ದೂಳು ತೇಲುತ್ತಿತ್ತು. ಎದುರಿಗೆ ಅವನು ಕೂತು ಸರ್ ಸರ್ ಎಂದು ಹೊಸೆಯುತ್ತಿದ್ದಾನೆ, ಹುರಿ ಅವನ ತೊಡೆಯಿಂದಿಳಿದು ನೆಲದ ಮೇಲೆ ಹರಿದು ಬಂದು ಅವಳ ಪಾದಕ್ಕೆ ತಣ್ಣಗೆ ತಾಗುತ್ತಿದೆ, ಮುಗಿಯುವುದೇ ಇಲ್ಲ... ಕಣ್ಣು ಬಿಟ್ಟರೆ ಮಂಚದ ಮೇಲೆ ಅದೇ ಬೆನ್ನು.

ಎದ್ದು ಹೋಗಿ ಮಂಚದಂಚಿಗೆ ಕೂತು, ತನ್ನ ಎಡತೊಡೆಯ ಮೇಲೆ ಎಳೆಗಳನ್ನಿಟ್ಟು ಎಡಗೈಯಿಂದ ಉಜ್ಜಿದಳು. ನೂಲು ಗೋಜಲಾಯಿತು. ಮತ್ತೆ ಉಜ್ಜಿದಳು, ಮತ್ತೆ ಗೋಜಲು.

ತಪ್ಪಾಗಿ ಉಜ್ಜುವ ಆ ಸದ್ದು ಅವನಿಗೆ ಸಹಿಸಲಾಗಲಿಲ್ಲ. ಹೊರಳಿ ನೋಡಿದ.

"ಏ, ಹಂಗಲ್ಲ! ಅಂಗೈ ಸಡ್ಲ ಬಿಡು. ರೊಟ್ಟಿ ಬಡಿಲಾಕತ್ತಿ ಏನು?"

ಅವಳು ಗೋಜಲನ್ನು ಅವನೆದುರು ಹಿಡಿದಳು. "ಹ್ಯಾಂಗರಿ ಮತ್ತ? ನೀವೇ ಹೇಳ್ರಿ."

ಹೇಳಿದ. ಬೈದ. ದಿಂಬಿಗೆ ಒರಗಿ ಕೂತು ಇನ್ನಷ್ಟು ಬೈದ. ಸಂಜೆಯ ಹೊತ್ತಿಗೆ ಅವಳ ಕೈಯಲ್ಲಿ ಒಂದು ಮೊಳ ಎಡಹುರಿ ಲಕ್ಷಣವಾಗಿ ಇಳಿಯಿತು. ಅವನು ಬಲಗೈಯಲ್ಲಿ ಅದನ್ನು ಸವರಿ ನೋಡಿದ.

"ಬಂತಲ್ಲ ನಿನಗ. ಇನ್ನ ನಾ ಯಾಕ ಬೇಕು," ಎಂದು ಮತ್ತೆ ಗೋಡೆಯತ್ತ ಹೊರಳತೊಡಗಿದ.

ಸುಶೀಲಾಬಾಯಿ ಹೊಸ ಎಳೆ ತೆಗೆದು ಬೇಕೆಂದೇ ಕೆಡಿಸಿದಳು.

"ಥೂ! ಈಗಷ್ಟೇ ಹೇಳಿನಲ್ಲ!"

"ಮರ್ತೆರಿ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ನಾಳಿಗೂ ಹೇಳಬೇಕು ನೀವು."