ಹನ್ನೊಂದು ಮಕ್ಕಳ ಅಂಗಾಲು

ಅತ್ತೆಯನ್ನು ಹೊಗಳುವ ಸೊಸೆಯನ್ನು ಜನ ನಂಬುವುದಿಲ್ಲ. ನಂಬದಿದ್ದರೆ ಬಿಡಿ. ನಮ್ಮ ಅತ್ತೆಯ ಅಡುಗೆಗೆ ಉಪ್ಪು ಹೆಚ್ಚು, ನನ್ನ ತವರಿನ ಸುದ್ದಿ ಬಂದರೆ ಮಾತಿಗೆ ಖಾರವೂ ಹೆಚ್ಚು. ಆದರೆ ಮಕ್ಕಳ ಆಸ್ಪತ್ರೆಯಲ್ಲಿ ಆಯಾ ಆಗಿ ಅವರು ಮಾಡಿದ್ದನ್ನು ನಾನು ಕಣ್ಣಾರೆ ಕಂಡವಳು, ಹೇಳದೆ ಇರಲಾರೆ.

ಆಪರೇಷನ್ ಕೋಣೆಯ ಪಕ್ಕದಲ್ಲಿ ಆರು ಪುಟ್ಟ ಮಂಚಗಳ ಒಂದು ಕೋಣೆ. ಅರಿವಳಿಕೆ ಇಳಿದು ಮಕ್ಕಳು ಕಣ್ಣು ಬಿಡುವುದು ಅಲ್ಲಿ. ಎಷ್ಟೋ ಮಕ್ಕಳು ತಾವೆಲ್ಲಿದ್ದೇವೆಂದು ತಿಳಿಯದೆ ಕೈಕಾಲು ಬಡಿದು ಕಿರುಚುತ್ತವೆ. ತಾಯಂದಿರನ್ನು ಒಳಗೆ ಬಿಡುವುದು ಮಗು ಪೂರ್ತಿ ಎಚ್ಚರವಾದ ಮೇಲೆ. ಅಲ್ಲಿಯತನಕ ಅತ್ತೆ ಸ್ಟೂಲಿನ ಮೇಲೆ ಕೂತು ಮಗುವಿನ ಅಂಗಾಲು ಹಿಡಿದುಕೊಳ್ಳುತ್ತಿದ್ದರು, ಇಪ್ಪತ್ತೆರಡು ವರ್ಷ.

"ಕಾಲೇ ಯಾಕತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಕೈಗೆ ಸೂಜಿ ಚುಚ್ಚಿರ್ತಾರೆ, ಮುಖಕ್ಕೆ ಮಾಸ್ಕ್ ಒತ್ತಿರ್ತಾರೆ, ಹೊಟ್ಟೆ ಕೊಯ್ದಿರ್ತಾರೆ. ಅಂಗಾಲಿಗೆ ಮಾತ್ರ ಯಾರೂ ಏನೂ ಮಾಡಿರಲ್ಲ. ಅಲ್ಲಿ ಮುಟ್ಟಿದ್ರೆ ಹೆದರಲ್ಲ, ಪಾಪ."

ಹೀಗಿರುವಾಗ ಅರಿವಳಿಕೆ ಡಾಕ್ಟರು ಒಂದು ಸಂಶೋಧನೆ ಶುರುಮಾಡಿದರು. ಎರಡು ಔಷಧಗಳಲ್ಲಿ ಯಾವುದನ್ನು ಕೊಟ್ಟರೆ ಮಕ್ಕಳು ಗಾಬರಿಯಿಲ್ಲದೆ ಏಳುತ್ತಾರೆ ಎಂಬುದು ಪ್ರಶ್ನೆ. ಮಗು ಎಷ್ಟು ನಿಮಿಷ ಅತ್ತಿತೆಂದು ಆಯಾಗಳು ಗಡಿಯಾರ ನೋಡಿ ಫಾರಂ ತುಂಬಬೇಕು. ಅದೇ ಆಸ್ಪತ್ರೆಯ ಕಚೇರಿಯಲ್ಲಿದ್ದ ನಾನು ಅದನ್ನು ಕಂಪ್ಯೂಟರಿಗೆ ಏರಿಸಬೇಕು.

ಮೂರು ವಾರಕ್ಕೆ ಡಾಕ್ಟರು ತಲೆ ಕೆರೆದುಕೊಂಡರು. ಉಳಿದವರ ಪಾಳಿಯಲ್ಲಿ ಅಂಕಿಗಳು ಏರಿಳಿಯುತ್ತವೆ, ಅತ್ತೆಯ ಪಾಳಿಯಲ್ಲಿ ಯಾವ ಮಗುವೂ ಎರಡು ನಿಮಿಷದ ಮೇಲೆ ಅಳುವುದೇ ಇಲ್ಲ! ಸುಳ್ಳು ಬರೆಯುತ್ತಿದ್ದಾರೇನೋ ಎಂದು ನೋಡಲು ಬಂದವರು ಆ ಕೈಯನ್ನು ಕಂಡರು.

"ಅಮ್ಮ, ಹೀಗೆ ಮಾಡಿದ್ರೆ ಔಷಧದ ಗುಣ ಯಾವುದು, ನಿಮ್ಮ ಕೈಗುಣ ಯಾವುದು ಅಂತ ನಾನು ಹೇಗೆ ಹೇಳ್ಲಿ? ಮೊದಲ ಐದು ನಿಮಿಷ ಮುಟ್ಟಬೇಡಿ."

"ಅಳೋ ಮಗೂನ ನೋಡ್ತಾ ಕೂತಿರ್ಲಾ ಡಾಕ್ಟ್ರೇ?"

"ನೀವಿಲ್ಲದ ಆಸ್ಪತ್ರೇಲೂ ಮಕ್ಕಳು ಏಳ್ತಾರಲ್ಲಮ್ಮ. ಅವಕ್ಕೆ ಯಾವ ಔಷಧ ಒಳ್ಳೇದು ಅಂತ ಗೊತ್ತಾಗೋದು ಬೇಡ್ವಾ? ಆಗಲ್ಲ ಅಂದ್ರೆ ಹೇಳಿ, ಬಟ್ಟೆ ಒಗೆಯೋ ವಿಭಾಗಕ್ಕೆ ಹಾಕಿಸ್ತೀನಿ."

ಆ ಕೋಣೆ ಬಿಟ್ಟು ಅತ್ತೆಗೆ ಬದುಕಿಲ್ಲ. ಅದಕ್ಕಿಂತ, ಕಾಣದ ಊರಿನ ಮಕ್ಕಳ ಮಾತು ಅವರಿಗೆ ನಾಟಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತರು. ಒಂದು ವಾರ, ಹನ್ನೊಂದು ಮಕ್ಕಳು. ಮನೆಗೆ ಬಂದರೆ ಸಾರಿಗೆ ಉಪ್ಪು ಹಾಕುವುದೇ ಮರೆವು. ನನ್ನ ತವರನ್ನು ಹಂಗಿಸುವುದನ್ನೂ ಮರೆತರೆಂದರೆ ನನಗೆ ನಿಜಕ್ಕೂ ಭಯವಾಯಿತು.

ಹನ್ನೆರಡನೆಯ ಮಗುವಿನ ಫಾರಂ ನನ್ನ ಮೇಜಿಗೆ ಬಂತು. ಅಂಚಿನಲ್ಲಿ ಅತ್ತೆಯ ದಪ್ಪಕ್ಷರ: "ಎರಡನೇ ನಿಮಿಷಕ್ಕೆ ಕಾಲು ಹಿಡಿದೆ. ತಡೆಯಲಾಗಲಿಲ್ಲ." ಕೆಳಗೆ ಸಹಿ ಬೇರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂತೆಂದು ಅವರನ್ನು ಕರೆದು ಗದರಿದೆ.

"ಇದನ್ನ ಬರೆಯೋಕೆ ಕಂಪ್ಯೂಟರಲ್ಲಿ ಜಾಗಾನೇ ಇಲ್ಲ. ನಾನು ಬಿಟ್ಟುಬಿಡ್ತೀನಿ. ನೀವು ಬಾಯಿ ಮುಚ್ಕೊಂಡಿರಿ."

"ಹಿಡಿದಿದ್ದೀನಿ ಕಣೇ. ಹಿಡೀಲಿಲ್ಲ ಅಂತ ಲೆಕ್ಕ ಕೊಟ್ರೆ, ಆ ಬೇರೆ ಊರಿನ ಮಕ್ಕಳಿಗೆ ತಪ್ಪು ಔಷಧ ಹೋಗಲ್ವಾ?"

ಫಾರಂ ಕಿತ್ತುಕೊಂಡು ತಾವೇ ಡಾಕ್ಟರ ಬಳಿ ನಡೆದರು. ನಾನು ಹಿಂದೆಯೇ ಓಡಿದೆ. ಡಾಕ್ಟರು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ಒಗೆಯುವ ವಿಭಾಗದ ಸೋಡಾ ವಾಸನೆ ಆಗಲೇ ನನ್ನ ಮೂಗಿಗೆ ಬಂದಿತ್ತು.

"ತಪ್ಪು ನನ್ನದಮ್ಮ," ಎಂದರು ಅವರು. "ಎಲ್ಲ ಪಾಳಿಯಲ್ಲೂ, ಎಲ್ಲ ಮಕ್ಕಳಿಗೂ ಒಂದೇ ಥರ ಕಾಲು ಹಿಡಿಯೋಣ. ಆಗಲೂ ವ್ಯತ್ಯಾಸ ಕಂಡ್ರೆ ಅದು ಔಷಧದ್ದೇ. ಮೊದಲಿಂದ ಶುರು ಮಾಡ್ತೀನಿ. ನೀವು ಹೇಗೆ ಹಿಡೀತೀರಿ ಹೇಳಿ, ಬರ್ಕೋತೀನಿ."

ಅತ್ತೆಗೆ ಹೇಳಲು ಬರಲಿಲ್ಲ. ಕೊನೆಗೆ ಆರಡಿಯ ಆ ಡಾಕ್ಟರು ಬೂಟು ಕಳಚಿ ಮಕ್ಕಳ ಮಂಚದ ಮೇಲೆ ಮಲಗಿದರು. ಮೊಣಕಾಲಿನಿಂದ ಕೆಳಗೆಲ್ಲ ಮಂಚದ ಆಚೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು, ಆ ಚೀಲವನ್ನೂ ಅತ್ತೆಯೇ ಎಳೆದು ತೆಗೆದರು. ಎರಡೂ ಅಂಗೈ, ಎರಡೂ ಅಂಗಾಲು. ಉಜ್ಜುವುದಿಲ್ಲ, ಒತ್ತುವುದಿಲ್ಲ, ಸುಮ್ಮನೆ ಹಿಡಿಯುವುದು. ನಾನು ಬರೆದುಕೊಂಡೆ. ಡಾಕ್ಟರು ಕಣ್ಣು ಮುಚ್ಚಿದವರು ಸ್ವಲ್ಪ ಹೊತ್ತು ಏಳಲೇ ಇಲ್ಲ. ನನಗಂತೂ ಹೆಮ್ಮೆಯಿಂದ ನಗು ಬಂತು.

ಅತ್ತೆ ಮಾತ್ರ ನಗಲಿಲ್ಲ. "ಮೊದಲಿಂದ ಅಂದ್ರೆ, ಹಿಂದಿನ ಲೆಕ್ಕ?"

"ಅದು ಉಪಯೋಗಕ್ಕೆ ಬರಲ್ಲಮ್ಮ."

"ಹಾಗಾದ್ರೆ ಆ ಹನ್ನೊಂದು ಮಕ್ಕಳು ಅತ್ತಿದ್ದು?"

ಡಾಕ್ಟರು ಎದ್ದು ಕೂತರು. ಕಳಚಿದ ಕಾಲುಚೀಲವನ್ನು ಕೈಗೆತ್ತಿಕೊಂಡರು.

ಅತ್ತೆ ನನ್ನಿಂದ ಹನ್ನೊಂದು ಹೆಸರುಗಳ ಪಟ್ಟಿ ಬರೆಸಿಕೊಂಡರು. ಹೊಲಿಗೆ ಬಿಚ್ಚಿಸಲು ಆ ಮಕ್ಕಳು ಒಬ್ಬೊಬ್ಬರಾಗಿ ಬಂದಾಗ, ತಮ್ಮ ಪಾಳಿ ಮುಗಿಸಿ ಕೆಳಗಿಳಿದು ಆ ಕೋಣೆಯ ಬಾಗಿಲ ಬಳಿ ಕಾದರು. ತಾಯಿಯನ್ನು ಕೇಳಿ, ಚಪ್ಪಲಿ ಬಿಚ್ಚಿ, ನೆಲದ ಮೇಲೆ ಕೂತು ಅಂಗಾಲು ಹಿಡಿದರು. ಮಕ್ಕಳಿಗೆ ಯಾಕೆಂದು ತಿಳಿಯದು, ಕಚಗುಳಿಗೆ ಕಿಲಕಿಲ ನಗುತ್ತಿದ್ದವು. ಅತ್ತೆ ಗೋಡೆಯ ಗಡಿಯಾರ ನೋಡಿಕೊಂಡು ಒಂದೊಂದು ಮಗುವಿಗೂ ಐದು ನಿಮಿಷ ಕೊಟ್ಟರು.